ಬಾನೆಟ್ ಬಿಸಿ ಇದ್ದರೆ ಇನ್ನೊಂದು ದಿನ ಹೋಗಿ

ನನ್ನ ಮೊದಲ ಸೆಕೆಂಡ್ ಹ್ಯಾಂಡ್ ಕಾರಿನ ಎಂಜಿನ್ ಕೊಂಡ ಏಳನೇ ತಿಂಗಳಿಗೆ ಕೈಕೊಟ್ಟಿತು. ಏಳು ವರ್ಷ ಹಳೆಯ ಗಾಡಿ. ಮೀಟರ್‌ನಲ್ಲಿ ಬರೀ 38,000 ಕಿ.ಮೀ. ಕೊಳ್ಳುವ ದಿನ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿದ್ದೆ. ಆಯಿಲ್ ತಿಳಿ ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿತ್ತು. ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ ಅಂತ ಖುಷಿಯಾಗಿ ಅವತ್ತೇ ಅಡ್ವಾನ್ಸ್ ಕೊಟ್ಟುಬಿಟ್ಟೆ.

ದೂರದ ಪ್ರಯಾಣವೊಂದರಿಂದ ವಾಪಸ್ ಬರುವಾಗ, ಸಿಗ್ನಲ್‌ನಲ್ಲಿ ನಿಂತಾಗ, ಆಯಿಲ್ ಪ್ರೆಷರ್ ದೀಪ ಒಮ್ಮೆ ಮಿನುಗಿ ಆರಿತು. ಆಕ್ಸಲರೇಟರ್ ಸ್ವಲ್ಪ ಒತ್ತಿದರೆ ದೀಪ ಮಾಯ. ವೈರಿಂಗ್ ಏನೋ ಲೂಸ್ ಇರಬೇಕು ಅಂದುಕೊಂಡೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಐಡ್ಲಿಂಗ್‌ನಲ್ಲಿ ನಿಂತಾಗಲೇ ಆಯಿಲ್ ಪ್ರೆಷರ್ ತೀರಾ ಕಡಿಮೆ ಇರುತ್ತದೆ, ಅದಕ್ಕೇ ಆ ದೀಪ ಮೊದಲು ಅಲ್ಲಿ ಕಾಣಿಸಿಕೊಳ್ಳುತ್ತದೆ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಮೂರನೇ ದಿನ ಎಂಜಿನ್‌ನ ಕೆಳಗಿನಿಂದ ಸುತ್ತಿಗೆಯಲ್ಲಿ ಬಡಿದ ಹಾಗೆ ಟಕ್ ಟಕ್ ಸದ್ದು ಶುರುವಾಯಿತು. ಎಂಜಿನ್‌ನ ಮುಖ್ಯ ದಂಡ ಕೂತು ತಿರುಗುವ ಬೇರಿಂಗ್ ಹೋಗಿತ್ತು.

ಆಯಿಲ್ ಚೇಂಬರ್ ಬಿಚ್ಚುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಆಯಿಲ್ ಪಂಪ್‌ನ ಬಾಯಿಗೆ ಒಂದು ಸಣ್ಣ ಜಾಲರಿ ಇರುತ್ತದೆ. ಎಂಜಿನ್‌ಗೆಲ್ಲ ಹೋಗುವ ಎಣ್ಣೆ ಅದರ ಮೂಲಕವೇ ಹೋಗಬೇಕು. ಆ ಜಾಲರಿಯ ಮುಕ್ಕಾಲು ಭಾಗ ಕಪ್ಪು ಜಿಡ್ಡಿನಿಂದ ಮುಚ್ಚಿಹೋಗಿತ್ತು. ಮೆಕ್ಯಾನಿಕ್ ಅಣ್ಣ ಉಗುರಿನಲ್ಲಿ ಕೆರೆದರು. ಮೇಣ ಎದ್ದ ಹಾಗೆ ಎದ್ದು ಬಂತು.

"ಈ ಗಾಡಿ ಜಾಸ್ತಿ ಓಡಿಲ್ಲ ಸರ್. ಅದೇ ಇದರ ಕಾಯಿಲೆ," ಅಂದರು.

ದಿನಾ ಎರಡು ಮೂರು ಕಿಲೋಮೀಟರ್ ಓಡಿ ನಿಂತುಬಿಡುವ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಪಸೆ, ಉರಿಯದೆ ಉಳಿದ ಪೆಟ್ರೋಲ್, ಎರಡೂ ಆಯಿಲ್‌ಗೆ ಇಳಿಯುತ್ತವೆ. ಬಿಸಿ ಏರಿದರೆ ಆವಿಯಾಗಿ ಹೋಗುತ್ತಿದ್ದವು. ಏರದಿದ್ದರೆ ಅಲ್ಲೇ ಉಳಿದು ಆಯಿಲ್ ಕೆಟ್ಟು ಜಿಡ್ಡಾಗುತ್ತದೆ. ಹಿಂದಿನ ಮಾಲೀಕರು ಕಿಲೋಮೀಟರ್ ಲೆಕ್ಕ ಹಿಡಿದು ಆಯಿಲ್ ಬದಲಿಸಿದ್ದರು, ವರ್ಷದ ಲೆಕ್ಕ ಬಿಟ್ಟಿದ್ದರು. ಮಾರುವ ಮುಂಚೆ ಮಾತ್ರ ಹೊಸ ಆಯಿಲ್ ಹಾಕಿಸಿದ್ದರು. ನನ್ನನ್ನು ಖುಷಿಪಡಿಸಿದ ಆ ಬಂಗಾರದ ಬಣ್ಣ ಏಳು ವರ್ಷದ ಸಾಕ್ಷಿಯನ್ನು ಒರೆಸಿ ಹಾಕಿತ್ತು.

ಎರಡನೇ ಸಲ ಹುಡುಕಲು ಹೊರಟಾಗ ಈ ಮಾತು ತಲೆಯಲ್ಲಿ ಕೂತಿತ್ತು. ಎಂಜಿನ್‌ನಲ್ಲಿ ಏನು ಕಾಣುತ್ತಿದೆ ಅಂತ ನೋಡಬೇಕು, ಸರಿ. ಏನನ್ನು ಅಳಿಸಿದ್ದಾರೆ ಅಂತಲೂ ನೋಡಬೇಕು.

ಗಾಡಿ ನೋಡಲು ಹೋಗುವ ಮೊದಲು ಮನೆಯಲ್ಲೇ ಕೂತು ಒಂದು ಕೆಲಸ ಮಾಡಿದೆ. ಕಂಪನಿ ಹೆಸರು, ಮಾಡೆಲ್ ಹೆಸರು ಬಿಟ್ಟು, ಎಂಜಿನ್‌ನ ಕೋಡ್ ಹಿಡಿದು ಓದತೊಡಗಿದೆ. ಒಂದೇ ಹೆಸರಿನ ಕಾರಿನಲ್ಲಿ ಎರಡು ಮೂರು ಬೇರೆ ಬೇರೆ ಎಂಜಿನ್ ಇರುತ್ತವೆ. ಒಂದು ಗಟ್ಟಿ, ಇನ್ನೊಂದು ತಲೆನೋವು. "ಆ ಕಂಪನಿ ಕಾರು ಚೆನ್ನಾಗಿರುತ್ತೆ" ಅನ್ನುವ ಮಾತು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಹ್ಯುಂಡೈ 2015ರಲ್ಲಿ ಅಮೆರಿಕದಲ್ಲಿ 2011 ಮತ್ತು 2012ರ ಸೊನಾಟಾ ಕಾರುಗಳನ್ನು ವಾಪಸ್ ಕರೆಸಿತು. ಕಾರ್ಖಾನೆಯಲ್ಲಿ ಆ ಮುಖ್ಯ ದಂಡವನ್ನು, ಅಂದರೆ ಕ್ರ್ಯಾಂಕ್‌ಶಾಫ್ಟ್ ಅನ್ನು, ಕೊರೆದಾಗ ಉಳಿದ ಲೋಹದ ಚೂರುಗಳು ಆಯಿಲ್ ದಾರಿ ಕಟ್ಟಿ ಬೇರಿಂಗ್ ಹಾಳುಮಾಡುತ್ತಿದ್ದವು. ಬಿಎಂಡಬ್ಲ್ಯೂನ ಎನ್47 ಡೀಸೆಲ್‌ನಲ್ಲಿ ಟೈಮಿಂಗ್ ಚೈನ್ (ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವ ಹಾಗೆ ಮಾಡುವ ಸರಪಳಿ) ಗೇರ್‌ಬಾಕ್ಸ್ ಕಡೆಗಿದೆ, ಚೈನ್ ಕೆಲಸ ಅಂದರೆ ಭಾರಿ ಬಿಚ್ಚಾಟ. ಪೂಜೋ, ಸಿಟ್ರೊಯೆನ್ ಕಾರುಗಳ ಹಳೆಯ 1.2 ಪ್ಯೂರ್‌ಟೆಕ್ ಎಂಜಿನ್‌ನಲ್ಲಿ ಚೈನ್ ಬದಲು ಟೈಮಿಂಗ್ ಬೆಲ್ಟ್ ಇದೆ, ಅದು ಆಯಿಲ್ ಒಳಗೇ ಓಡುತ್ತದೆ. ಬೆಲ್ಟ್ ಸವೆದು ಪುಡಿ ಉದುರಿದರೆ ಅದು ಹೋಗಿ ಸೇರುವುದು ಅದೇ ಜಾಲರಿಗೆ. ಅವುಗಳ ಮಾತೃ ಕಂಪನಿ ಸ್ಟೆಲಾಂಟಿಸ್ 2024ರಲ್ಲಿ ಯುರೋಪಿನಲ್ಲಿ ಆ ಎಂಜಿನ್‌ಗೆ 10 ವರ್ಷ ಅಥವಾ 1,75,000 ಕಿ.ಮೀ.ವರೆಗೆ ರಕ್ಷಣೆ ವಿಸ್ತರಿಸಿತು. ಅದಕ್ಕೂ ಸರಿಯಾದ ಸರ್ವಿಸ್ ದಾಖಲೆ ಇರಬೇಕು ಅನ್ನುವ ಷರತ್ತು ಇತ್ತು.

ಇದನ್ನೆಲ್ಲ ಓದಿದರೆ ಯಾವ ಕಾರೂ ಬೇಡ ಅನ್ನಿಸುತ್ತದೆ. ಹಾಗೆ ಓದಬಾರದು. ಎಲ್ಲಿ ನೋಡಬೇಕು ಅನ್ನುವುದನ್ನು ಮಾತ್ರ ಓದು ಹೇಳುತ್ತದೆ. ಈ ಒಂದು ಗಾಡಿಯ ಕಥೆ ಏನು ಅನ್ನುವುದನ್ನು ಆ ಗಾಡಿಯೇ ಹೇಳಬೇಕು. ನಾನು ಪ್ರತಿ ಎಂಜಿನ್‌ಗೂ ಪುಸ್ತಕದಲ್ಲಿ ಒಂದು ಪುಟ ಮಾಡಿದೆ. ಇದರಲ್ಲಿ ಏನು ಕೆಡುತ್ತದೆ, ಕೆಡುವ ಮುಂಚೆ ಸುಳಿವು ಕೊಡುತ್ತದಾ, ಆ ಸುಳಿವು ಇವತ್ತೇ ನನ್ನ ಕಣ್ಣಿಗೋ ಕಿವಿಗೋ ಬೀಳುತ್ತದಾ, ಕೆಟ್ಟರೆ ಬರೀ ಪಾರ್ಟ್ ಬದಲಿಸಿದರೆ ಮುಗಿಯುತ್ತದಾ ಅಥವಾ ಎಂಜಿನ್ ಇಳಿಸಬೇಕಾ. ಸುಳಿವೇ ಕೊಡದೆ ಎಂಜಿನ್ ಇಳಿಸುವ ಹಾಗೆ ಮಾಡುವ ಕಾಯಿಲೆ ಇದ್ದರೆ, ಸರ್ವಿಸ್ ಬಿಲ್ ಇಲ್ಲದ ಅಂಥ ಗಾಡಿ ನೋಡಲು ಹೋಗಲೇ ಇಲ್ಲ.

ಮೊದಲು ನೋಡಿದ ಕಾರು ಹೊರಗಿನಿಂದ ತುಂಬಾ ಚೆನ್ನಾಗಿತ್ತು. ಫೋನಿನಲ್ಲೇ ಕೇಳಿಕೊಂಡಿದ್ದೆ: "ಸರ್, ನಾನು ಬರೋವರೆಗೂ ದಯವಿಟ್ಟು ಸ್ಟಾರ್ಟ್ ಮಾಡಬೇಡಿ." ಬೆಳಿಗ್ಗೆ ಎಂಟಕ್ಕೆ ಹೋದೆ. ಮಾತಾಡುತ್ತಲೇ ಬಾನೆಟ್ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಬಿಸಿಲು ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಕಾರಿನ ಕಂಪ್ಯೂಟರ್‌ನಲ್ಲಿರುವುದನ್ನು ಓದುವ ಒಬಿಡಿ ಸ್ಕ್ಯಾನರ್ ಸಿಕ್ಕಿಸಿ ಇಗ್ನಿಷನ್ ಆನ್ ಮಾಡಿದೆ, ಸೆಲ್ಫ್ ಹೊಡೆಯಲಿಲ್ಲ. ಎಂಜಿನ್ ತಂಪುಮಾಡುವ ದ್ರವ, ಕೂಲೆಂಟ್, 61 ಡಿಗ್ರಿ, ಎಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿ 31 ಡಿಗ್ರಿ. ರಾತ್ರಿಯಿಡೀ ನಿಂತ ಎಂಜಿನ್‌ನಲ್ಲಿ ಈ ಎರಡೂ ಅಂಕಿ ಹೆಚ್ಚುಕಮ್ಮಿ ಒಂದೇ ಇರಬೇಕು.

"ತೊಳೆಯೋಕೆ ಅಂತ ಹೊರಗೆ ತೆಗೆದೆ ಸರ್," ಅಂದರು. ಇರಬಹುದು. ನಾನು ಜಗಳ ಆಡಲಿಲ್ಲ. ಇನ್ನೊಂದು ದಿನ ಬರುತ್ತೇನೆ ಅಂದೆ.

ಮೂರು ದಿನ ಬಿಟ್ಟು ಮೆಕ್ಯಾನಿಕ್ ಅಣ್ಣನನ್ನೂ ಕರೆದುಕೊಂಡು ಹೋದೆ. ಈ ಸಲ ಕೂಲೆಂಟ್ 23, ಗಾಳಿ 24. ಅಣ್ಣ ಬಾನೆಟ್ ಎತ್ತಿ ಎಂಜಿನ್‌ನ ಪಕ್ಕಕ್ಕೆ ಬಗ್ಗಿ ನಿಂತರು. ಕಿಟಕಿ ಇಳಿಸಿ, ರೇಡಿಯೋ, ಏಸಿ ಎಲ್ಲ ಆಫ್ ಮಾಡಿ ಸೆಲ್ಫ್ ಹೊಡೆದೆ. ಕರ್ರ್ ಅಂತ, ತಗಡಿನ ಡಬ್ಬಿಯೊಳಗೆ ಸರಪಳಿ ಅಲ್ಲಾಡಿಸಿದ ಹಾಗೆ ಒಂದು ಸದ್ದು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಪೂರ್ತಿ ನಿಂತುಹೋಯಿತು. ಎಂಜಿನ್ ಹೊಸದರ ಹಾಗೆ ಮೆತ್ತಗೆ ಓಡತೊಡಗಿತು. ನಾವು ಬರುವ ಎರಡು ನಿಮಿಷ ಮೊದಲು ಅವರು ಸ್ಟಾರ್ಟ್ ಮಾಡಿದ್ದರೂ ಆ ಸದ್ದು ನಮಗೆ ಸಿಗುತ್ತಿರಲಿಲ್ಲ.

ಆ ನಾಲ್ಕು ಸೆಕೆಂಡಿನ ಕಾರಣವನ್ನು ಅಣ್ಣ ಹೀಗೆ ಬಿಡಿಸಿ ಹೇಳಿದರು. ಟೈಮಿಂಗ್ ಚೈನ್ ಸಡಿಲ ಆಗದ ಹಾಗೆ ಒಂದು ಟೆನ್ಷನರ್ ಒತ್ತಿ ಹಿಡಿದಿರುತ್ತದೆ. ಅದಕ್ಕೆ ಬಲ ಕೊಡುವುದು ಆಯಿಲ್ ಪ್ರೆಷರ್. ರಾತ್ರಿ ಆಯಿಲ್ ಕೆಳಗಿಳಿದಿರುತ್ತದೆ. ಸ್ಟಾರ್ಟ್ ಆದ ಕ್ಷಣ ಪ್ರೆಷರ್ ಏರುವವರೆಗೆ ಟೆನ್ಷನರ್ ಬಲ ಇಲ್ಲದೆ ಇರುತ್ತದೆ. ಚೈನ್ ಸರಿಯಿದ್ದರೆ ಅಷ್ಟರಲ್ಲಿ ಏನೂ ಗೊತ್ತಾಗುವುದಿಲ್ಲ, ಸದ್ದು ಬಂದರೂ ಅರೆ ಸೆಕೆಂಡ್ ಅಷ್ಟೆ. ಚೈನ್ ಹಿಗ್ಗಿದ್ದರೆ ಅಥವಾ ಟೆನ್ಷನರ್ ಸೋತಿದ್ದರೆ ಹೀಗೆ ಬಡಿಯುತ್ತದೆ. ಒಂದು ದಿನ ಚೈನ್ ಹಲ್ಲು ಹಾರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಹೊಡೆಯುತ್ತವೆ. ಮುಂದೆ ಉಳಿಯುವುದು ಎಂಜಿನ್ ಬಿಚ್ಚುವುದೊಂದೇ.

ಮಾರುವವರು ಬೆಲೆ ಇಳಿಸಲು ತಯಾರಿದ್ದರು. ಚೈನ್ ಕೆಲಸದ ಖರ್ಚನ್ನು ಕಳೆದು ಕೊಡಿ ಅನ್ನಬಹುದಿತ್ತು. ನಾನು ಬಿಟ್ಟೆ. ಚೈನ್ ಬದಲಿಸಬಹುದು, ಆದರೆ ಅದು ಯಾಕೆ ಹಿಗ್ಗಿತು ಅನ್ನುವ ಪ್ರಶ್ನೆಗೆ ಬಹಳ ಸಲ ಸಿಗುವ ಉತ್ತರ ಕೆಟ್ಟ ಆಯಿಲ್. ಅದೇ ಆಯಿಲ್ ಬೇರಿಂಗ್‌ಗೂ ಹೋಗಿದೆ, ಟರ್ಬೋಗೂ ಹೋಗಿದೆ, ಅಲ್ವಾ? ಹೊಸ ಚೈನ್ ಹಾಕಿದರೆ ಬೇರಿಂಗ್ ಹೊಸದಾಗುವುದಿಲ್ಲ.

ಎರಡನೇ ಕಾರಿನ ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಹೊಡೆದದ್ದು ಹೊಳಪು. ಎಂಜಿನ್‌ನ ಮೇಲೆ ಧೂಳಿನ ಒಂದು ಕಣ ಇರಲಿಲ್ಲ. ಪ್ಲಾಸ್ಟಿಕ್ ಭಾಗಕ್ಕೆಲ್ಲ ಪಾಲಿಶ್. ಮೊದಲಾಗಿದ್ದರೆ ಮೆಚ್ಚಿಕೊಳ್ಳುತ್ತಿದ್ದೆ. ಈಗ ಎಲ್ಲಿ ಒಸರುತ್ತಿತ್ತೋ ಅನ್ನುವ ಯೋಚನೆ ಮೊದಲು ಬಂತು. ಸ್ಕ್ಯಾನರ್‌ನಲ್ಲಿ ದೋಷ ತೋರಿಸುವ ಒಂದೂ ಕೋಡ್ ಇಲ್ಲ. ಆದರೆ ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅನ್ನುವುದನ್ನು ಕಾರಿನ ಕಂಪ್ಯೂಟರ್ ಬೇರೆಯಾಗಿ ಇಟ್ಟಿರುತ್ತದೆ. ಬಹಳ ಜನ ಅದನ್ನು ನೋಡುವುದಿಲ್ಲ. ಅಲ್ಲಿ 11 ಕಿ.ಮೀ. ಅಂತ ಇತ್ತು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್‌ಗಳ ಸ್ವಯಂ ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತಲೂ ತೋರಿಸಿತು.

"ಮೊನ್ನೆ ಬ್ಯಾಟರಿ ಬದಲಿಸಿದೆವು," ಅಂದರು ಮಾಲೀಕರು. ಇದು ಸುಳ್ಳಾಗಬೇಕಿಲ್ಲ. ಬ್ಯಾಟರಿ ತೆಗೆದರೆ ಎಷ್ಟೋ ಕಾರುಗಳಲ್ಲಿ ಈ ಪರೀಕ್ಷೆಗಳು ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಬ್ಯಾಟರಿಯೂ ಹೊಸದಾಗಿಯೇ ಕಂಡಿತು. ಹಾಗಾಗಿ, ಒಂದು ವಾರ ನಿಮ್ಮ ಪಾಡಿಗೆ ಓಡಿಸಿ, 150 ಕಿ.ಮೀ. ಆದ ಮೇಲೆ ಹೇಳಿ, ಮತ್ತೆ ಸ್ಕ್ಯಾನ್ ಮಾಡೋಣ ಅಂದೆ. ಒಪ್ಪಿದರು. ಒಪ್ಪಿದ್ದಕ್ಕೆ ಅವರ ಮೇಲೆ ನನಗೆ ಗೌರವ ಇದೆ.

ವಾರದ ನಂತರ ಪಿ0420 ಬಂದಿತ್ತು. ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಕನ್ವರ್ಟರ್ ಬದಲಿಸಿದರಾಯಿತು ಅಂತ ಅಲ್ಲಿಗೇ ನಿಲ್ಲಬಾರದು. ಅದು ಯಾಕೆ ಸತ್ತಿತು? ಎಂಜಿನ್ ಆಯಿಲ್ ಸುಡುತ್ತಿದ್ದರೆ ಆಯಿಲ್‌ನಲ್ಲಿರುವ ರಂಜಕ ಕನ್ವರ್ಟರ್‌ನ ಒಳಮೈಗೆ ಅಂಟಿ ಅದನ್ನು ಕೊಲ್ಲುತ್ತದೆ. ಅಣ್ಣ ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು, ನನ್ನನ್ನು ಸೈಲೆನ್ಸರ್ ಹಿಂದೆ ನಿಲ್ಲಿಸಿ ಒಮ್ಮೆಲೇ ರೇಸ್ ಕೊಟ್ಟರು. ಬುಸ್ ಅಂತ ನೀಲಿ ಹೊಗೆ ಬಂತು, ಹಿಂದೆಯೇ ಸುಟ್ಟ ಎಣ್ಣೆಯ ವಾಸನೆ. ವಾಲ್ವ್ ಸೀಲ್ ಇರಬಹುದು, ಪಿಸ್ಟನ್ ರಿಂಗ್ ಇರಬಹುದು. ಬಿಚ್ಚದೆ ಹೇಳುವ ಹಾಗಿರಲಿಲ್ಲ.

ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ನೋಡಿದೆ. ಅರ್ಧ ಖಾಲಿಯಾದ ಆಯಿಲ್ ಕ್ಯಾನ್ ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿತ್ತು. ಮುಚ್ಚಳದ ಸುತ್ತ ಎಣ್ಣೆ ಜಾರಿದ ಗೆರೆಗಳು. "ಆಯಿಲ್ ಕುಡಿಯುತ್ತಾ?" ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. "ಎಷ್ಟು ದಿನಕ್ಕೊಮ್ಮೆ ಟಾಪ್ ಅಪ್ ಮಾಡ್ತೀರಿ?" ಅಂತ ಕೇಳಿದರೆ ನಿಜ ಬರುತ್ತದೆ. ತಿಂಗಳಿಗೊಮ್ಮೆ ಅಂದರು. ಕೆಲವು ಕಂಪನಿಗಳ ಮ್ಯಾನುಯಲ್‌ನಲ್ಲಿ 1,000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೆ ಆಯಿಲ್ ಖರ್ಚಾಗುವುದು ಮಾಮೂಲಿ ಅಂತ ಬರೆದಿರುತ್ತದೆ. ಕೊಳ್ಳುವವನಿಗೆ ಅದು ಮಾಮೂಲಿ ಅಲ್ಲ. ಅಷ್ಟು ಕುಡಿಯುವ ಎಂಜಿನ್‌ನಲ್ಲಿ ಎರಡು ಸಲ ಡಿಪ್‌ಸ್ಟಿಕ್ ನೋಡಲು ಮರೆತರೆ ಬೇರಿಂಗ್‌ವರೆಗೆ ಹೋಗುತ್ತದೆ.

ಆಮೇಲೆ ಒಂದು ಡೀಸೆಲ್ ನೋಡಿದೆ. ಎಂಜಿನ್ ಗಟ್ಟಿಯಾಗಿತ್ತು. ಓಡುತ್ತಿರುವಾಗ ಆಯಿಲ್ ಕ್ಯಾಪ್ ಬಿಚ್ಚಿ ಹಾಗೇ ಮೇಲಿಟ್ಟರೆ ಸ್ವಲ್ಪ ನಡುಗಿತು ಅಷ್ಟೆ, ಹಾರಲಿಲ್ಲ, ಅಂದರೆ ಉರಿದ ಗ್ಯಾಸ್ ಪಿಸ್ಟನ್ ದಾಟಿ ಹೆಚ್ಚು ಸೋರುತ್ತಿರಲಿಲ್ಲ. ಆದರೂ ಬೇಡ ಅಂದೆ. ಅದರ ಹೊಗೆ ನಳಿಗೆಯಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಇದೆ. ಆ ಮಸಿ ಸುಡಲು ದೂರದ, ಬಿಸಿಯಾದ ಓಟ ಬೇಕು. ನನ್ನ ದಿನದ ಓಟ ಎಂಟು ಕಿಲೋಮೀಟರ್. ಸುಡುವ ಕೆಲಸ ಪ್ರತಿ ಸಲ ಅರ್ಧಕ್ಕೆ ನಿಂತರೆ ಅದಕ್ಕೆಂದು ಹೆಚ್ಚಾಗಿ ಬಿಟ್ಟ ಡೀಸೆಲ್ ಆಯಿಲ್‌ಗೆ ಸೇರುತ್ತದೆ, ಆಯಿಲ್ ತೆಳ್ಳಗಾಗುತ್ತದೆ. ಒಳ್ಳೆಯ ಎಂಜಿನ್ ನನ್ನ ಕೈಯಲ್ಲಿ ಎರಡು ವರ್ಷಕ್ಕೆ ಕೆಡುತ್ತಿತ್ತು.

ನಾಲ್ಕನೆಯದು ಟರ್ಬೋ ಇಲ್ಲದ ಸಾದಾ ಪೆಟ್ರೋಲ್ ಎಂಜಿನ್, ಮೀಟರ್‌ನಲ್ಲಿ 1,12,000 ಕಿ.ಮೀ. ಪೆಟ್ರೋಲ್ ನೇರ ಸಿಲಿಂಡರ್‌ಗೆ ಹೋಗದೆ ವಾಲ್ವ್‌ಗಿಂತ ಮೊದಲೇ ಚಿಮ್ಮುವ ಹಳೆಯ ಪದ್ಧತಿ. ಹಾಗಾಗಿ ಇನ್‌ಟೇಕ್ ವಾಲ್ವ್‌ಗಳನ್ನು ಪೆಟ್ರೋಲೇ ತೊಳೆಯುತ್ತಿರುತ್ತದೆ, ಕಾರ್ಬನ್ ಕಟ್ಟುವ ಭಯ ಕಡಿಮೆ. ಮೊದಲ ಕಾರಿನ ಮೂರರಷ್ಟು ಓಡಿದ ಗಾಡಿ ಅಂತ ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ.

ಬಾನೆಟ್ ಕೆಳಗೆ ಧೂಳಿತ್ತು. ವಾಲ್ವ್ ಕವರ್‌ನ ಅಂಚಿನಲ್ಲಿ ಆಯಿಲ್ ಒಸರಿ ಧೂಳು ಅಂಟಿಕೊಂಡಿತ್ತು. ವಾಟರ್ ಪಂಪ್‌ನ ಬಳಿ ಕೂಲೆಂಟ್ ಒಣಗಿದ ಗುಲಾಬಿ ಪಟ್ಟೆ. ನನಗೆ ಸಮಾಧಾನ ಆಯಿತು. ಯಾವುದನ್ನೂ ಒರೆಸಿರಲಿಲ್ಲ. ಡಿಪ್‌ಸ್ಟಿಕ್‌ನ ಆಯಿಲ್ ಕಂದು ಬಣ್ಣಕ್ಕೆ ತಿರುಗಿತ್ತು, ಮಟ್ಟ ಎರಡು ಗುರುತುಗಳ ನಡುವೆ ಇತ್ತು. ಬದಲಿಸಿ 5,000 ಕಿ.ಮೀ. ಆಗಿದೆ ಅಂದರು ಹಿರಿಯ ಮಾಲೀಕರು. ಒಂದು ಫೈಲ್ ತಂದು ನನ್ನ ಕೈಗಿಟ್ಟರು.

ಆ ಫೈಲ್ ಮುಂದೆ ಅರ್ಧ ಗಂಟೆ ಕೂತೆ. ಬಿಲ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಕಿ.ಮೀ. ಬರೆದುಕೊಂಡು, ಎರಡು ಆಯಿಲ್ ಚೇಂಜ್‌ಗಳ ನಡುವಿನ ಅಂತರ ಲೆಕ್ಕ ಹಾಕಿದೆ. 8,200. 9,000. 8,600. ಒಂದೇ ಒಂದು ಕಡೆ 13,000 ಇತ್ತು. ಕೇಳಿದೆ. "ಆ ವರ್ಷ ಮನೆಯವಳಿಗೆ ಹುಷಾರಿರಲಿಲ್ಲಪ್ಪ, ಗಾಡಿ ಕಡೆ ಗಮನ ಕೊಡೋಕೆ ಆಗಲಿಲ್ಲ," ಅಂದರು. ಬಿಲ್‌ನಲ್ಲಿ ಆಯಿಲ್‌ನ ಗ್ರೇಡ್ ಕೂಡ ಬರೆದಿತ್ತು, ಮ್ಯಾನುಯಲ್‌ನಲ್ಲಿ ಹೇಳಿದ್ದೇ. ಬರೀ "ಜನರಲ್ ಸರ್ವಿಸ್" ಅಂತ ಬರೆದ ಬಿಲ್ ಇದ್ದರೆ ನಾನು ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ತಣ್ಣಗಿನ ಸ್ಟಾರ್ಟ್‌ನಲ್ಲಿ ಸದ್ದಿಲ್ಲ. ಕೋಡ್ ಅಳಿಸಿದ ಮೇಲೆ ಓಡಿದ ದೂರ 9,000 ಕಿ.ಮೀ. ದಾಟಿತ್ತು. ಐವತ್ತು ಕಿಲೋಮೀಟರ್ ಓಡಿಸಿದೆವು. ಏರಿನಲ್ಲಿ ಏಸಿ ಹಾಕಿಕೊಂಡು ಎಳೆಸಿದಾಗ ಕೂಲೆಂಟ್ 92, 94, ಅಲ್ಲೇ ನಿಂತಿತು. ಇಳಿಜಾರಿನಲ್ಲಿ ಗೇರ್‌ನಲ್ಲೇ ಬಿಟ್ಟು ಆಕ್ಸಲರೇಟರ್ ಮುಟ್ಟದೆ ಇಳಿದು, ಕೆಳಗೆ ಬಂದು ಒಮ್ಮೆಲೇ ಒತ್ತಿ ಕನ್ನಡಿ ನೋಡಿದೆ. ಹಾಗೆ ಇಳಿಯುವಾಗ ಎಂಜಿನ್ ಜೋರಾಗಿ ಹೀರುತ್ತಿರುತ್ತದೆ. ವಾಲ್ವ್ ಸೀಲ್ ಸೋತಿದ್ದರೆ ಆಯಿಲ್ ಒಳಗೆ ಇಳಿದು ಆಮೇಲೆ ಹೊಗೆಯಾಗಿ ಬರುತ್ತದೆ. ಕನ್ನಡಿಯಲ್ಲಿ ಬರೀ ರಸ್ತೆ ಕಂಡಿತು.

ಗ್ಯಾರೇಜ್‌ಗೆ ತಂದು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಏರುವ ಒತ್ತಡ, ನೋಡೋಣ ಅಂದಾಗ ಮಾಲೀಕರು ಜೊತೆಗೇ ಬಂದು ಕುರ್ಚಿ ಹಾಕಿ ಕೂತರು. ಎಂಜಿನ್ ಬಿಸಿ ಇರುವಾಗಲೇ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಅಣ್ಣ ಸಾಲಾಗಿ ಬಟ್ಟೆಯ ಮೇಲಿಟ್ಟರು. ನಾಲ್ಕೂ ಒಣ ಕಂದು ಬಣ್ಣ, ಎಣ್ಣೆಯ ಪಸೆ ಇಲ್ಲ. ಪೆಟ್ರೋಲ್ ಮತ್ತು ಕಿಡಿ ಎರಡನ್ನೂ ಕಟ್ ಮಾಡಿ, "ಆಕ್ಸಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀರಿ ಸರ್," ಅಂದರು. ಒಂದೊಂದಕ್ಕೂ ಗೇಜ್ ಹಾಕಿ ಓದಿದರು. 182, 179, 184, 176 ಪಿಎಸ್‌ಐ. ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯಾ ಅನ್ನುವುದು ಮುಖ್ಯ. ನೂರಕ್ಕೆ ಹತ್ತು ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಚಿಂತೆ. ಇಲ್ಲಿ ಐದೂ ಇರಲಿಲ್ಲ. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಕೊಳವೆ ಇಟ್ಟು ಹೆಡ್ ಗ್ಯಾಸ್ಕೆಟ್ ಕೂಡ ನೋಡಿದರು. ಉರಿದ ಗ್ಯಾಸ್ ನೀರಿಗೆ ಸೇರುತ್ತಿದ್ದರೆ ನೀಲಿ ಹಳದಿಯಾಗುತ್ತದೆ. ನೀಲಿಯಾಗಿಯೇ ಉಳಿಯಿತು.

ವಾಟರ್ ಪಂಪ್, ವಾಲ್ವ್ ಕವರ್ ಗ್ಯಾಸ್ಕೆಟ್, ಇವೆರಡರ ಖರ್ಚು ಬೆಲೆಯಲ್ಲಿ ಕಳೆದುಕೊಂಡು ಕಾರು ತಗೊಂಡೆ. ಎರಡೂ ಹೊರಗಿನ ಕೆಲಸ, ಕಣ್ಣಿಗೆ ಕಾಣುವ ಕೆಲಸ. ಅಂಥ ತೊಂದರೆಗೆ ನನಗೆ ಭಯವಿಲ್ಲ.

3,000 ಕಿ.ಮೀ. ಓಡಿಸಿದ ಮೇಲೆ ಮೊದಲ ಆಯಿಲ್ ಚೇಂಜ್ ಮಾಡಿಸಿದೆ. ಅಷ್ಟು ದೂರಕ್ಕೆ ಡಿಪ್‌ಸ್ಟಿಕ್‌ನಲ್ಲಿ ಒಂದು ಕೂದಲೆಳೆಯಷ್ಟು ಇಳಿದಿತ್ತು. ಹಳೆಯ ಫಿಲ್ಟರ್ ಎಸೆಯಬೇಡಿ ಅಂದೆ. ಗರಗಸದಲ್ಲಿ ಕೊಯ್ದರೆ ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ ಅಂತ ಅಣ್ಣ ಫಿಲ್ಟರ್ ಕಟರ್‌ನಲ್ಲಿ ತಗಡು ಬಿಡಿಸಿದರು. ಒಳಗಿನ ಕಾಗದವನ್ನು ಬ್ಲೇಡಿನಲ್ಲಿ ಕತ್ತರಿಸಿ, ಎಣ್ಣೆ ಹಿಂಡಿ, ಬಿಸಿಲಿನಲ್ಲಿ ಉದ್ದಕ್ಕೆ ಹಾಸಿದೆವು. ಬೇರಿಂಗ್ ಸವೆಯುತ್ತಿದ್ದರೆ ಮಡಿಕೆಗಳ ನಡುವೆ ತಾಮ್ರದ ಬಣ್ಣದ ಮಿಂಚು ಇರುತ್ತದೆ, ಅದು ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಣ್ಣ ಒಂದು ತುದಿಯಿಂದ, ನಾನು ಇನ್ನೊಂದು ತುದಿಯಿಂದ ಒಂದೊಂದೇ ಮಡಿಕೆ ಬಿಡಿಸುತ್ತ ನಡುವಿಗೆ ಬಂದೆವು. ಕಪ್ಪು ಮಸಿ ಇತ್ತು, ಕಾಗದ ಇತ್ತು. ಹೊಳೆಯುವಂಥದ್ದು ಏನೂ ಸಿಗಲಿಲ್ಲ. ಬಿಲ್ ತಗೊಂಡು, ಅದರ ಹಿಂದೆ ದಿನಾಂಕ, ಕಿ.ಮೀ., ಆಯಿಲ್ ಗ್ರೇಡ್ ಬರೆದು, ಹಿರಿಯರು ಕೊಟ್ಟ ಅದೇ ಫೈಲ್‌ಗೆ ಸೇರಿಸಿದೆ.